ಅಕಾಲದ ಎಚ್ಚರ

ಬೊರಿವಲಿಯಲ್ಲಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಬಾಗಿಲು ದಾಟಿ ಆರೇಳು ಕಿಲೋಮೀಟರು ಒಳಗೆ ಹೋದರೆ ಕನ್ಹೇರಿ ಸಿಗುತ್ತದೆ. ಕೃಷ್ಣಗಿರಿ ಎಂಬ ಹೆಸರು ಜನರ ಬಾಯಲ್ಲಿ ಸವೆದು ಕನ್ಹೇರಿಯಾಗಿದೆ. ಕಪ್ಪು ಬಸಾಲ್ಟ್ ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳು. ಬೌದ್ಧ ಭಿಕ್ಷುಗಳು ಸುಮಾರು ಸಾವಿರ ವರ್ಷ ಇಲ್ಲಿ ನೆಲೆಸಿದ್ದರು. ಇಲ್ಲಿನ ಒಂಬತ್ತನೇ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ಕವಿರಾಜಮಾರ್ಗದಿಂದಾಗಿ ಕನ್ನಡಿಗರು ನೃಪತುಂಗ ಎಂದು ಬಲ್ಲ ದೊರೆಯೇ ಅವನು. ಭಿಕ್ಷುಗಳು ಹೊರಟ ಮೇಲೆ ಗುಹೆಗಳು ಪಾಳು ಬಿದ್ದವು ಎಂದು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಅದು ಮನುಷ್ಯರ ಲೆಕ್ಕ. ಬಾವಲಿಗಳ ಲೆಕ್ಕದಲ್ಲಿ ಅವು ಪಾಳು ಬಿದ್ದದ್ದೇ ಇಲ್ಲ.

ಭಾನುವಾರ ಕನ್ಹೇರಿಗೆ ಬರುವ ಜನ ಹೆಚ್ಚೇನೂ ಕೆಟ್ಟವರಲ್ಲ. ಬೆಳಕು ಕಡಿಮೆಯಿರುವ ಕೋಣೆಯೊಂದಕ್ಕೆ ಹೊಕ್ಕು ತಲೆಯೆತ್ತುತ್ತಾರೆ, ಚಾವಣಿಯಲ್ಲಿ ಏನೋ ಅಲುಗಿದಂತೆ ಕಾಣುತ್ತದೆ, ಮೊಬೈಲಿನ ಟಾರ್ಚ್ ಬಿಡುತ್ತಾರೆ. ಅವು ಹಾರಲಿ ಎಂದು ಒಬ್ಬರು ಚಪ್ಪಾಳೆ ತಟ್ಟುತ್ತಾರೆ. ಹಾರಿದ ಮೇಲೆ ಎಲ್ಲರೂ ಕಿರುಚಿ, ನಕ್ಕು, ಮುಂದಿನ ಗುಹೆಗೆ ನಡೆಯುತ್ತಾರೆ. ಈ ಚಪ್ಪಾಳೆಯ ಬೆಲೆ ಏನು ಎಂಬುದನ್ನು ಲೋಕಕ್ಕೆ ಕಲಿಸಿದ್ದು ಅಮೆರಿಕದಲ್ಲಿ ಕಾಣಿಸಿಕೊಂಡ ಒಂದು ಬೂಸ್ಟು.

2006ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿ ನಗರದ ಹತ್ತಿರದ ಹೋವ್ ಗುಹೆಯಲ್ಲಿ ಯಾರೋ ತೆಗೆದ ಫೋಟೋದಲ್ಲಿ ಬಾವಲಿಗಳ ಮೂಗಿನ ಮೇಲೆ ಬಿಳಿಯ ಪುಡಿಯಂಥದ್ದು ಕಂಡಿತು. ಮರುವರ್ಷದ ಚಳಿಗಾಲದಲ್ಲಿ ಆ ಸುತ್ತಿನ ಗುಹೆಗಳ ನೆಲದ ಮೇಲೆ ಸತ್ತ ಬಾವಲಿಗಳ ರಾಶಿ ಬಿದ್ದಿತ್ತು. ಹಿಮದ ನಡುವೆ, ಹಾಡಹಗಲಲ್ಲಿ, ಒಂದು ಹುಳವೂ ಸಿಗದ ಕಾಲದಲ್ಲಿ ಬಾವಲಿಗಳು ಹೊರಗೆ ಹಾರಾಡುತ್ತಿದ್ದವು. 2012ರ ಹೊತ್ತಿಗೆ ಸತ್ತವುಗಳ ಸರಕಾರಿ ಅಂದಾಜು 57 ಲಕ್ಷದಿಂದ 67 ಲಕ್ಷ. ಅಲ್ಲಿನ ಮೂರು ಜಾತಿಗಳಂತೂ ಹತ್ತು ವರ್ಷದೊಳಗೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕುಸಿದವು. ಬೇನೆಗೆ 'ವೈಟ್ ನೋಸ್ ಸಿಂಡ್ರೋಮ್' ಎಂದು ಹೆಸರಾಯಿತು. ಬಿಳಿಮೂಗಿನ ಬೇನೆ ಎಂದರೆ ಸಾಕು. ಕಾರಣವಾದ ಶಿಲೀಂಧ್ರವನ್ನು 2009ರಲ್ಲಿ ವಿಜ್ಞಾನಿಗಳು ವಿವರಿಸಿದರು. ಈಗ ಅದರ ಹೆಸರು ಸ್ಯೂಡೋಜಿಮ್ನೋಆಸ್ಕಸ್ ಡಿಸ್ಟ್ರಕ್ಟನ್ಸ್. ಎರಡನೇ ಪದದ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಮುಂಬಯಿಯವರಿಗೆ ಬೂಸ್ಟು ಹೊಸದಲ್ಲ. ಜುಲೈ ತಿಂಗಳಲ್ಲಿ ಕಪಾಟಿನೊಳಗಿನ ಚರ್ಮದ ಬೆಲ್ಟು, ಮಂಚದಡಿಯ ಸೂಟ್‌ಕೇಸು, ಹಾಲ್‌ನ ಗೋಡೆ ಎಲ್ಲವೂ ಅದರದೇ. ಆದರೆ ಅದು ಸೆಕೆ ಮತ್ತು ತೇವ ಎರಡನ್ನೂ ಬಯಸುವ ಬೂಸ್ಟು. ಬಾವಲಿಗಳನ್ನು ಕೊಂದದ್ದು ತದ್ವಿರುದ್ಧ ಸ್ವಭಾವದ್ದು: ತೇವ ಬೇಕು, ಜೊತೆಗೆ ಚಳಿ ಬೇಕು. 12ರಿಂದ 16 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ, 20 ಡಿಗ್ರಿ ದಾಟಿದರೆ ಬೆಳವಣಿಗೆಯೇ ನಿಲ್ಲುತ್ತದೆ. ಮುಂಬಯಿಯ ವಾರ್ಷಿಕ ಸರಾಸರಿ ಉಷ್ಣತೆ ಸುಮಾರು 27 ಡಿಗ್ರಿ. ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ 1962ರ ಜನವರಿ 22ರಂದು 7.4 ಡಿಗ್ರಿ ದಾಖಲಾದದ್ದುಂಟು, ಹಳಬರು ಈಗಲೂ ಆ ಚಳಿಯನ್ನು ನೆನೆಯುವುದುಂಟು. ಒಂದೆರಡು ರಾತ್ರಿಯ ಚಳಿ ಈ ಶಿಲೀಂಧ್ರಕ್ಕೆ ಸಾಲದು. ಇಲ್ಲಿನ ಬಾವಲಿಗಳು ತಿಂಗಳುಗಟ್ಟಲೆ ಚಳಿನಿದ್ರೆಗೆ ಜಾರುವುದೂ ಇಲ್ಲ. ಹಾಗಾಗಿ ಕನ್ಹೇರಿಯ ಬಾವಲಿಗಳಿಗೆ ಬಿಳಿಮೂಗಿನ ಬೇನೆ ಬರುವ ಭಯವಿಲ್ಲ.

ವಿಷಯ ಅಲ್ಲಿಗೇ ಮುಗಿಯಿತು ಎಂದು ಅನಿಸಬಹುದು. ಮುಗಿಯುವುದಿಲ್ಲ. ಆ ಶಿಲೀಂಧ್ರ ಬಾವಲಿಯನ್ನು ಹೇಗೆ ಕೊಲ್ಲುತ್ತದೆ ಎನ್ನುವುದನ್ನು ನೋಡಿದರೆ ಕಥೆ ಮತ್ತೆ ಕನ್ಹೇರಿಗೆ ಬರುತ್ತದೆ.

ಇಲ್ಲಿ ಭಾಷೆಯೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಕನ್ನಡದಲ್ಲಿ ಶಿಶಿರನಿದ್ರೆ, ಚಳಿನಿದ್ರೆ ಎನ್ನುತ್ತೇವೆ; ಮರಾಠಿ ಮತ್ತು ಹಿಂದಿಯಲ್ಲಿ ಶೀತನಿದ್ರಾ. ಎಲ್ಲದರಲ್ಲೂ 'ನಿದ್ರೆ' ಇದೆ. ನಿದ್ದೆಯಿಂದ ಎಬ್ಬಿಸಿದರೆ ಏನಾಯಿತು, ಮಗ್ಗುಲು ಬದಲಿಸಿ ಮತ್ತೆ ಮಲಗಿದರಾಯಿತು ಎಂಬ ಭಾವನೆ ಈ ಪದದಿಂದಲೇ ಹುಟ್ಟುತ್ತದೆ. ಬಾವಲಿ ಮಾಡುವುದು ನಿದ್ದೆಯಲ್ಲ. ಅದಕ್ಕೆ ಹತ್ತಿರದ ಹೋಲಿಕೆ ಬೇಕಾದರೆ ಅಡುಗೆಮನೆಯಲ್ಲಿ ಸಿಗುತ್ತದೆ: ಗ್ಯಾಸ್ ಒಲೆಯನ್ನು ಆರಿಸದೆ ಸಿಮ್‌ಗೂ ಕೆಳಗೆ ಇಳಿಸಿಡುವುದು. ಅಮೆರಿಕದ ಚಿಕ್ಕ ಕಂದು ಬಾವಲಿಯ ತೂಕ ಏಳೆಂಟು ಗ್ರಾಂ. ಹಾರುವಾಗ ಅದರ ಎದೆ ನಿಮಿಷಕ್ಕೆ ಸಾವಿರದ ಹತ್ತಿರ ಬಡಿಯುತ್ತದೆ. ಚಳಿಗಾಲದಲ್ಲಿ ಗುಹೆಯ ಗೋಡೆಗೆ ಜೋತುಬಿದ್ದಾಗ ಅದೇ ಎದೆ ಹತ್ತಿಪ್ಪತ್ತು ಸಲ ಬಡಿದರೆ ಹೆಚ್ಚು, ಮೈ ಗುಹೆಯ ಕಲ್ಲಿನಷ್ಟೇ ತಣ್ಣಗೆ. ಶರತ್ಕಾಲದಲ್ಲಿ ತಿಂದು ಕೂಡಿಟ್ಟ ಎರಡು-ಮೂರು ಗ್ರಾಂ ಕೊಬ್ಬಿನಲ್ಲಿ ಐದಾರು ತಿಂಗಳು ತಳ್ಳಬೇಕು. ಸಿಲಿಂಡರ್ ಒಂದೇ, ಬುಕ್ ಮಾಡಿದರೆ ಇನ್ನೊಂದು ಬರುವುದಿಲ್ಲ.

ಆರೋಗ್ಯವಂತ ಬಾವಲಿಯೂ ಈ ನಡುವೆ ಆಗಾಗ ಏಳುತ್ತದೆ, ಎರಡು-ಮೂರು ವಾರಕ್ಕೊಮ್ಮೆ, ಕೆಲವು ಗಂಟೆಗಳ ಮಟ್ಟಿಗೆ. ನೀರು ಕುಡಿಯಲಿಕ್ಕೋ, ಮೈಯ ರಿಪೇರಿಗೋ. ಆ ಕೆಲವು ಗಂಟೆಗಳ ಎಚ್ಚರವೇ ಇಡೀ ಚಳಿಗಾಲದ ಕೊಬ್ಬಿನ ಮುಕ್ಕಾಲು ಪಾಲನ್ನು ತಿಂದುಬಿಡುತ್ತದೆ. ತಣ್ಣಗಾದ ಮೈಯನ್ನು ಮತ್ತೆ ಕಾಯಿಸುವುದು ಅಷ್ಟು ದುಬಾರಿ. ಬಿಳಿಮೂಗಿನ ಶಿಲೀಂಧ್ರ ಮಾಡುವುದು ಇಷ್ಟೇ: ರೆಕ್ಕೆಯ ತೊಗಲಿನೊಳಕ್ಕೆ ಇಳಿಯುತ್ತದೆ, ಅಲ್ಲಿನ ಅಂಗಾಂಶ ತಿನ್ನುತ್ತದೆ, ಮೈಯ ನೀರು ಮತ್ತು ಲವಣಗಳ ಲೆಕ್ಕ ತಪ್ಪಿಸುತ್ತದೆ. ಬಾವಲಿ ಮತ್ತೆ ಮತ್ತೆ ಏಳುತ್ತದೆ. ವಾರಗಟ್ಟಲೆ ಅಂತರದಲ್ಲಿ ಏಳಬೇಕಾದದ್ದು ಕೆಲವೇ ದಿನಗಳಿಗೊಮ್ಮೆ ಏಳತೊಡಗಿದರೆ ಫೆಬ್ರವರಿ ಹೊತ್ತಿಗೆ ಕೊಬ್ಬು ಖಾಲಿ. ಆಗ ಹಸಿದು, ಬಾಯಾರಿ, ಹಿಮದಲ್ಲಿ ಹುಳ ಹುಡುಕುತ್ತಾ ಹಗಲಿನಲ್ಲಿ ಹೊರಡುತ್ತದೆ. ಅಂದರೆ ಶಿಲೀಂಧ್ರ ನೇರವಾಗಿ ಕೊಲ್ಲುವುದಕ್ಕಿಂತ ಹೆಚ್ಚಾಗಿ ಎಬ್ಬಿಸಿ ಎಬ್ಬಿಸಿ ಸಾಯಿಸುತ್ತದೆ. ಬೇನೆ ಬಂದು ಹೋದ ಕೆಲವು ಗುಹೆಗಳಲ್ಲಿ ಚಿಕ್ಕ ಕಂದು ಬಾವಲಿಗಳು ಉಳಿದುಕೊಂಡಿವೆ. ಅವನ್ನು ತೂಗಿ ನೋಡಿದಾಗ ಮೊದಲಿನವುಗಳಿಗಿಂತ ಹೆಚ್ಚು ಕೊಬ್ಬು ಹೊತ್ತು ಚಳಿಗಾಲಕ್ಕೆ ಕಾಲಿಡುತ್ತಿದ್ದದ್ದು ಕಂಡುಬಂದಿದೆ.

ಕುಂಭಕರ್ಣನ ಪ್ರಸಂಗವನ್ನು ಯಕ್ಷಗಾನದಲ್ಲಿ ನೋಡಿದವರಿಗೆ ಇದು ಪರಿಚಿತ ತರ್ಕ. ಅವನನ್ನು ಎಬ್ಬಿಸುವ ದೃಶ್ಯಕ್ಕೆ ಸಭೆ ನಗುತ್ತದೆ, ಚೆಂಡೆ ಜೋರಾಗುತ್ತದೆ, ರಾಶಿ ರಾಶಿ ಅನ್ನ ಬರುತ್ತದೆ. ಅಕಾಲದಲ್ಲಿ ಎಬ್ಬಿಸಿದರೆ ಅವನಿಗೆ ಸಾವು ಎಂಬುದನ್ನು ಬಲ್ಲವರೂ ನಗುತ್ತಾರೆ.

ಈ ಶಿಲೀಂಧ್ರ ಅಮೆರಿಕದ್ದಲ್ಲ. ಯುರೋಪಿನ ಗುಹೆಗಳಲ್ಲಿ ಅದು ಮೊದಲಿನಿಂದ ಇದೆ, ಅಲ್ಲಿನ ಬಾವಲಿಗಳು ಅದರ ಜೊತೆ ಹೊಂದಿಕೊಂಡು ಬದುಕುತ್ತವೆ, ರಾಶಿರಾಶಿಯಾಗಿ ಸಾಯುವುದಿಲ್ಲ. ಚೀನಾದ ಗುಹೆಗಳಲ್ಲೂ ಸಿಕ್ಕಿದೆ. ಯುರೋಪಿನ ತಳಿಯನ್ನು ಪ್ರಯೋಗಾಲಯದಲ್ಲಿ ಅಮೆರಿಕದ ಬಾವಲಿಗಳಿಗೆ ಅಂಟಿಸಿದಾಗ ಅವು ಅದೇ ರೀತಿ ಸತ್ತವು. 2012ರಲ್ಲಿ ಪ್ರಕಟವಾದ ಈ ಪ್ರಯೋಗದ ನಂತರ, ಹೊರಗಿನಿಂದ ಬಂದದ್ದು ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಅಟ್ಲಾಂಟಿಕ್ ಸಾಗರವನ್ನು ಬಾವಲಿ ಹಾರಿ ದಾಟಿರಲಿಕ್ಕಿಲ್ಲ. ಗುಹೆ ನೋಡಲು ಹೋದವರೊಬ್ಬರ ಬೂಟಿನ ಕೆಸರಿನಲ್ಲಿ, ಹಗ್ಗದಲ್ಲಿ, ಬ್ಯಾಗಿನಲ್ಲಿ ಬಂದಿರಬೇಕು ಎಂಬುದು ಹೆಚ್ಚಿನವರು ಒಪ್ಪುವ ಊಹೆ. 2016ರಲ್ಲಿ ಅದು ಅದುವರೆಗೆ ಕಂಡಿದ್ದ ಜಾಗಗಳಿಂದ ಸುಮಾರು 2,000 ಕಿಲೋಮೀಟರು ಜಿಗಿದು ಪಶ್ಚಿಮ ತೀರದ ವಾಷಿಂಗ್ಟನ್ ರಾಜ್ಯದಲ್ಲಿ ಕಾಣಿಸಿಕೊಂಡಾಗಲೂ ಜನ ಮೊದಲು ನೋಡಿದ್ದು ಮನುಷ್ಯರ ಕಾಲಿನತ್ತ.

ಈ ಸಂಗತಿ ಭಾರತದಲ್ಲಿ ಹೇಳಲೇಬೇಕಾದದ್ದು, ಯಾಕೆಂದರೆ ಇಲ್ಲಿ ಬಾವಲಿ ಮತ್ತು ರೋಗ ಎಂದರೆ ದಾರಿ ಒಂದೇ ಕಡೆಗೆ: ಅವುಗಳಿಂದ ನಮಗೆ. 2018ರಲ್ಲಿ ಕೋಯಿಕ್ಕೋಡಿನಲ್ಲಿ ನಿಪಾ, 2020ರಲ್ಲಿ ಕೋವಿಡ್. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು 2020ರ ಮಾರ್ಚ್‌ನಲ್ಲಿ ಮಹಾಬಲೇಶ್ವರದ ಗುಹೆಯೊಂದರ ಬಾವಲಿಗಳನ್ನು ಪರೀಕ್ಷಿಸಿದಾಗ ನಿಪಾ ವಿರುದ್ಧದ ಪ್ರತಿಕಾಯಗಳು ಸಿಕ್ಕವು, ಮರುವರ್ಷ ಆ ಸುದ್ದಿ ಮಹಾರಾಷ್ಟ್ರವೆಲ್ಲ ಹರಡಿತು. ಎಚ್ಚರಿಕೆ ಬೇಡ ಎಂದು ಯಾರೂ ಹೇಳಲಾರರು. ಬಾವಲಿ ಕಚ್ಚಿದ ಹಣ್ಣು ತಿನ್ನಬಾರದು, ಸತ್ತ ಬಾವಲಿ ಮುಟ್ಟಬಾರದು. ಆದರೆ ಮರ ಕಡಿಯಿರಿ, ಗುಹೆಗೆ ಹೊಗೆ ಹಾಕಿ, ಪಟಾಕಿ ಹೊಡೆಯಿರಿ ಎನ್ನುವ ಮಾತಿಗೆ ಈ ಭಯವನ್ನು ಬಳಸುವುದು ಬೇರೆ. ಆಸ್ಟ್ರೇಲಿಯಾದಲ್ಲಿ ಹಾರುವ ನರಿ ಎಂದು ಕರೆಯುವ ದೊಡ್ಡ ಹಣ್ಣು ಬಾವಲಿಗಳಿಂದ ಕುದುರೆಗಳಿಗೆ ಹೆಂಡ್ರಾ ವೈರಸ್ ಹರಡುವುದನ್ನು 25 ವರ್ಷಗಳ ಲೆಕ್ಕವಿಟ್ಟು ನೋಡಿದ ಅಧ್ಯಯನ 2022ರಲ್ಲಿ ಬಂತು. ಚಳಿಗಾಲದಲ್ಲಿ ಹೂ ಬಿಡುವ ಕಾಡು ಕಳೆದುಹೋಗಿ, ಆಹಾರದ ಕೊರತೆಯಾಗಿ, ಬಾವಲಿಗಳು ಊರಿನ ಕಡೆ ಬಂದ ಮೇಲೆ ವೈರಸ್ ದಾಟುವುದು ಹೆಚ್ಚಾಗಿತ್ತು. ಕಾಡು ಹೇರಳವಾಗಿ ಹೂ ಬಿಟ್ಟ ವರ್ಷಗಳಲ್ಲಿ ಅವು ಕಾಡಿಗೆ ಮರಳುತ್ತಿದ್ದವು, ವೈರಸ್ ದಾಟುತ್ತಿರಲಿಲ್ಲ. ಓಡಿಸಿದರೆ ರೋಗ ಹೋಗುತ್ತದೆ ಎನ್ನುವವರು ಓದಬೇಕಾದದ್ದು ಇದನ್ನು.

ನಮ್ಮ ಕಾನೂನಿಗೂ ಬಾವಲಿ ಬಹುಕಾಲ ಉಪದ್ರವಿಯೇ. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ. ಅದರ ಐದನೇ ಅನುಸೂಚಿಯಲ್ಲಿ ಇಲಿ, ಹೆಗ್ಗಣ, ಕಾಗೆಗಳ ಜೊತೆ ಹಣ್ಣು ಬಾವಲಿಯನ್ನು ಕೂರಿಸಿ, ಕೊಂದರೂ ಕೇಳುವವರಿಲ್ಲ ಎಂದು ಮಾಡಲಾಗಿತ್ತು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯೇ ಹೋಯಿತು. ಕಾಯಿದೆ ಬಂದ ವರ್ಷವೇ ಮುಂಬಯಿಯಲ್ಲಿದ್ದ ಒಂದು ಒಣ ಚರ್ಮಕ್ಕೂ ಹೆಸರು ಬಂತು. 1948ರಲ್ಲಿ ತಮಿಳುನಾಡಿನ ಹೈ ವೇವಿ ಬೆಟ್ಟಗಳಲ್ಲಿ ಆಂಗಸ್ ಹಟನ್ ಎಂಬವರು ಸಂಗ್ರಹಿಸಿದ ಒಂದು ಹಣ್ಣು ಬಾವಲಿ, ಮಾಮೂಲಿ ಜಾತಿಯದೇ ಎಂಬ ಚೀಟಿ ಹೊತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹದಲ್ಲಿ ಎರಡು ದಶಕ ಬಿದ್ದಿತ್ತು. ಥಾಯ್ಲೆಂಡಿನ ಕಿಟ್ಟಿ ಥೋಂಗ್ಲೋಂಗ್ಯಾ ಅದನ್ನು ನೋಡಿ, ಇದು ಲೋಕಕ್ಕೆ ಗೊತ್ತೇ ಇಲ್ಲದ ಜಾತಿ ಎಂದು ಗುರುತಿಸಿ, 1972ರಲ್ಲಿ ಸಲೀಂ ಅಲಿಯವರ ಹೆಸರಿಟ್ಟರು. ಮುಂದೆ ಅದಕ್ಕೆ ಹುಲಿಗೆ ಸಮನಾದ ಮೊದಲನೇ ಅನುಸೂಚಿಯ ರಕ್ಷಣೆ ಸಿಕ್ಕಿತು. ಅದೇ ರಕ್ಷಣೆ ಪಡೆದ ಇನ್ನೊಂದು ಬಾವಲಿಯದೂ ಮುಂಬಯಿ ನಂಟೇ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ತಳೇವಾಡಿ ಹತ್ತಿರದ ಬಾರಾಪೇಡೆ ಗುಹೆಯಲ್ಲಿ ಸೊಸೈಟಿಯ ಸಸ್ತನಿ ಸಮೀಕ್ಷೆಗೆ ಹೋಗಿದ್ದ ಎಸ್. ಎಚ್. ಪ್ರೇಟರ್ ಕಂಡ ರಾಟನ್ ಬಾವಲಿ, 1913ರಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು. ಬಹಳ ದಶಕಗಳ ಕಾಲ ಜಗತ್ತಿನಲ್ಲೇ ಅದಕ್ಕೆ ಗೊತ್ತಿದ್ದ ವಿಳಾಸ ಆ ಒಂದು ಗುಹೆ. ಕೋಲಾರ ಜಿಲ್ಲೆಯ ಹನುಮನಹಳ್ಳಿಯಲ್ಲಿ ಇನ್ನೊಂದು ಜಾತಿ ಇವತ್ತಿಗೂ ಹಾಗೆಯೇ ಬದುಕಿದೆ: ಇನ್ನೂರಕ್ಕೂ ಕಡಿಮೆ ಬಾವಲಿಗಳು, ಒಂದೇ ಗುಹೆ, ಸುತ್ತ ಗ್ರಾನೈಟಿನ ಮೇಲೆ ಕಣ್ಣಿಟ್ಟವರು. ಇಂಥ ಗುಹೆಯನ್ನು ಮುಗಿಸಲು ಶಿಲೀಂಧ್ರವೇನೂ ಬೇಕಾಗಿಲ್ಲ.

ಈಗ ಕನ್ಹೇರಿಯ ಚಪ್ಪಾಳೆಗೆ ಬರಬಹುದು. ಸೆಕೆಯ ಊರಿನ ಬಾವಲಿಗೆ ಚಳಿನಿದ್ರೆ ಇಲ್ಲ, ನಿಜ. ಆದರೆ ಉಷ್ಣವಲಯದ ಹಲವು ಸಣ್ಣ ಬಾವಲಿಗಳೂ ಹಗಲಿನಲ್ಲಿ ಕೆಲವು ಗಂಟೆ ಉರಿಯನ್ನು ತಗ್ಗಿಸಿಟ್ಟು ಶಕ್ತಿ ಉಳಿಸುತ್ತವೆ. ಸಣ್ಣ ಮೈ, ದೊಡ್ಡ ರೆಕ್ಕೆ, ಹಾರಲು ವಿಪರೀತ ಖರ್ಚು. ಎಲ್ಲ ಊರಿನ ಬಾವಲಿಗೂ ಲೆಕ್ಕ ಬಿಗಿ. ಬಿಳಿಮೂಗಿನ ಬೇನೆ ಬರುವುದಕ್ಕೂ ಮೊದಲೇ, 1995ರಲ್ಲಿ, ಕೆನಡಾದ ಡೊನಾಲ್ಡ್ ಥಾಮಸ್ ಒಂದು ಸರಳ ಪ್ರಯೋಗ ಮಾಡಿದ್ದರು. ಚಳಿನಿದ್ರೆಯಲ್ಲಿದ್ದ ಬಾವಲಿಗಳ ಗುಹೆಗೆ ಜನ ಹೋಗಿ ಬರುವುದು, ಯಾವುದನ್ನೂ ಮುಟ್ಟುವುದಿಲ್ಲ. ಜನ ಹೊರಟ ಮೇಲೂ ಗಂಟೆಗಟ್ಟಲೆ ಗುಹೆಯಲ್ಲಿ ಹಾರಾಟ ನಿಲ್ಲಲಿಲ್ಲ. ಹೋದವರಿಗೆ ತಾವು ಏನೂ ಮಾಡಿಲ್ಲ ಎಂದೇ ಅನಿಸಿರುತ್ತದೆ. ಕನ್ಹೇರಿಯಲ್ಲಿ ಮಹಾಶಿವರಾತ್ರಿಗೆ ಸೇರುವ ಜನಸಂದಣಿಗೂ ಹಾಗೆಯೇ ಅನಿಸುತ್ತದೆ. ಪಶ್ಚಿಮ ಭಾರತದ ಹಲವು ಬಾವಲಿಗಳಿಗೆ ಬೇಸಿಗೆಯಿಂದ ಮಳೆಗಾಲದವರೆಗೆ ಮರಿ ಹಾಕಿ ಸಾಕುವ ಕಾಲ. ತಾಯಿ ಗಾಬರಿಯಿಂದ ಹಾರಿದಾಗ ಎದೆಗೆ ಕಚ್ಚಿಕೊಂಡ ಮರಿ ಕೆಳಗೆ ಬೀಳಬಹುದು. ಬಿದ್ದ ಮರಿಯನ್ನು ಇರುವೆ ಮತ್ತು ನಾಯಿ ಬಿಟ್ಟು ಬೇರೆ ಯಾರೂ ಗಮನಿಸುವುದಿಲ್ಲ.

ಪುರಾತತ್ವ ಇಲಾಖೆಯ ಕಷ್ಟವನ್ನೂ ತಳ್ಳಿಹಾಕುವಂತಿಲ್ಲ. ಬಾವಲಿಗಳ ಹಿಕ್ಕೆ ಮತ್ತು ಮೂತ್ರ ಚಿತ್ರಗಳನ್ನು ಹಾಳುಮಾಡುತ್ತದೆ, ಅಜಂತಾದಲ್ಲಿ ಅದು ಹಳೆಯ ತಲೆನೋವು. ಕನ್ಹೇರಿಯ 34ನೇ ಗುಹೆಯ ಚಾವಣಿಯಲ್ಲಿ ಬುದ್ಧನ ಅರೆಬರೆ ಚಿತ್ರಗಳಿವೆ, ಅವನ್ನು ಕಾಯಲೇಬೇಕು. ಆದರೆ ಕನ್ಹೇರಿಗೆ ಬರುವವರು ನೋಡುವುದು ಮೂರನೇ ಗುಹೆಯ ಚೈತ್ಯ, ಹನ್ನೊಂದನೆಯ ದರ್ಬಾರು, ಮತ್ತೆ ಕೆಲವು ಶಿಲ್ಪಗಳಿರುವ ಗುಹೆಗಳನ್ನು. ಉಳಿದ ಬಹುಪಾಲು ಭಿಕ್ಷುಗಳು ಮಲಗುತ್ತಿದ್ದ ಬರಿಯ ಕೋಣೆಗಳು, ಒಂದು ಕಲ್ಲಿನ ಮಂಚ, ಹೊರಗೊಂದು ನೀರಿನ ತೊಟ್ಟಿ. ಬಾವಲಿಗಳಿರುವ ಅಂಥ ಕೆಲವನ್ನು ಮರಿಗಳ ಕಾಲದಲ್ಲಿ ಮುಚ್ಚಿದರೆ ಯಾವ ಪ್ರವಾಸಿಗೂ ನಷ್ಟವಿಲ್ಲ. ಮುಚ್ಚುವುದೆಂದರೆ ನಮ್ಮ ಸ್ಮಾರಕಗಳಲ್ಲಿ ರೂಢಿಯಾಗಿರುವ ಸಣ್ಣ ಕಣ್ಣಿನ ತಂತಿ ಜಾಲರಿ ಹೊಡೆಯುವುದಲ್ಲ. ಅದು ಬಾವಲಿಯನ್ನು ಒಳಗಿಟ್ಟೇ ಬೀಗ ಹಾಕಿದಂತೆ, ಇಲ್ಲವೆ ಹೊರಗೆ ಹಾಕಿದಂತೆ. ಅಮೆರಿಕ, ಯುರೋಪುಗಳಲ್ಲಿ ಅಡ್ಡ ಸರಳುಗಳ ಗೇಟು ಬಳಸುತ್ತಾರೆ. ಸರಳುಗಳ ನಡುವೆ ಸುಮಾರು 15 ಸೆಂಟಿಮೀಟರು ಬಿಟ್ಟರೆ ಮನುಷ್ಯ ನುಸುಳಲಾರ, ಸಣ್ಣ ಬಾವಲಿ ಹಾರಿ ಹೋಗುತ್ತದೆ. ದೊಡ್ಡ ಗುಂಪುಗಳಿಗೆ, ಹಣ್ಣು ಬಾವಲಿಗಳಿಗೆ ಇದು ಹೊಂದದು, ಅಲ್ಲಿ ದೂರದಲ್ಲೊಂದು ಬೇಲಿ ಹಾಕಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿದರೆ ಸಾಕು.

ಬೇಲಿಗಿಂತ ಮೊದಲು ಬೇಕಾದದ್ದು ಎಣಿಕೆ. ನ್ಯೂಯಾರ್ಕಿನಲ್ಲಿ ಆ ಸಾವುಗಳು ಬೇಗ ಗೊತ್ತಾದದ್ದು ಅಲ್ಲಿನ ವನ್ಯಜೀವಿ ಇಲಾಖೆಯವರು ಹಲವು ವರ್ಷಗಳಿಂದ ಚಳಿಗಾಲದಲ್ಲಿ ಗುಹೆಗಳ ಬಾವಲಿ ಎಣಿಸುತ್ತಿದ್ದದ್ದರಿಂದ. ಹಿಂದೆ ಎಷ್ಟಿದ್ದವು ಎಂಬ ಸಂಖ್ಯೆ ಕಾಗದದ ಮೇಲಿದ್ದರಿಂದಲೇ ಈಗ ಎಷ್ಟು ಹೋದವು ಎಂದು ಹೇಳಲಾಯಿತು. ಫ್ರೆಂಚ್ ಪ್ರಾಣಿವಿಜ್ಞಾನಿ ಆಂದ್ರೆ ಬ್ರೋಸೆ 1962ರಲ್ಲಿ ಬಾಂಬೆ ಸೊಸೈಟಿಯ ಪತ್ರಿಕೆಯಲ್ಲಿ ಮಧ್ಯ ಮತ್ತು ಪಶ್ಚಿಮ ಭಾರತದ ಬಾವಲಿಗಳ ಬಗ್ಗೆ ಕಂತುಗಳಲ್ಲಿ ಬರೆದರು. ಅಲ್ಲಿಂದ ಎಣಿಸಲು ಶುರುಮಾಡಿದ್ದರೂ ಮುಂಬಯಿಗೆ ಅರವತ್ತು ವರ್ಷದ ಲೆಕ್ಕ ಇರುತ್ತಿತ್ತು. ಪ್ರತಿ ವರ್ಷ ಒಂದೇ ವಾರದಲ್ಲಿ, ಸಂಜೆ ಹೊರಬೀಳುವ ಹೊತ್ತಿಗೆ, ಗುಹೆಯ ಹೊರಗೆ ಕೂತು ಎಣಿಸಿದರಾಯಿತು. ಒಳಗೆ ಹೋಗಬೇಕೆಂದೇ ಇಲ್ಲ. ಉದ್ಯಾನದಲ್ಲಿ ಚಿರತೆಗಳ ಎಣಿಕೆಗೆ ಕ್ಯಾಮೆರಾ ಕಟ್ಟುವ ನಗರಕ್ಕೆ ಇದು ದೊಡ್ಡ ಖರ್ಚೇನಲ್ಲ.

ಬಾವಲಿ ಹೋದರೆ ನಮಗೇನು ಎಂಬ ಪ್ರಶ್ನೆಗೆ ಹಿಂದೆ ಸೊಳ್ಳೆ, ಹುಳ ಎಂದು ಮೇಲುಮೇಲಿನ ಉತ್ತರ ಸಿಗುತ್ತಿತ್ತು. 2024ರಲ್ಲಿ ಅರ್ಥಶಾಸ್ತ್ರಜ್ಞ ಎಯಾಲ್ ಫ್ರಾಂಕ್ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕ ಅದಕ್ಕಿಂತ ಭೀಕರ. ಬಿಳಿಮೂಗಿನ ಬೇನೆ ಮುಟ್ಟಿದ ಅಮೆರಿಕದ ಕೌಂಟಿಗಳಲ್ಲಿ ರೈತರ ಕೀಟನಾಶಕ ಬಳಕೆ ನೂರಕ್ಕೆ 31ರಷ್ಟು ಹೆಚ್ಚಾಯಿತು. ಅದೇ ಜಾಗಗಳಲ್ಲಿ ಅಪಘಾತವಲ್ಲದ ಕಾರಣಗಳಿಂದ ಶಿಶುಮರಣ ನೂರಕ್ಕೆ 8ರಷ್ಟು ಏರಿತು. ಒಂದೇ ಅಧ್ಯಯನ, ಇನ್ನಷ್ಟು ಪರಿಶೀಲನೆ ನಡೆಯಲಿ. ಆದರೆ ಬೇನೆ ಯಾವ ವರ್ಷ ಯಾವ ಕೌಂಟಿಗೆ ಬಂತು ಎಂಬುದನ್ನು ರೈತರು ನಿರ್ಧರಿಸಿದ್ದಲ್ಲ, ಅದು ತಾನಾಗಿ ಹರಡಿದ್ದು. ಹಾಗಾಗಿ ಈ ಲೆಕ್ಕವನ್ನು ಕಾಕತಾಳೀಯ ಎಂದು ಒರೆಸಿಹಾಕುವುದು ಸುಲಭವಲ್ಲ.

ಕೊನೆಗೆ ಬೂಟಿನ ಮಾತು. ಮುಂಬಯಿಯ ಗುಹೆಗಳಿಗೆ ಆ ಶಿಲೀಂಧ್ರದ ಭಯವಿಲ್ಲವಾದರೂ ಮುಂಬಯಿಯ ಜನ ಮುಂಬಯಿಯಲ್ಲೇ ಇರುವುದಿಲ್ಲ. ಜುಲೈನಲ್ಲಿ ಪೆನ್ಸಿಲ್ವೇನಿಯಾದ ಮಗಳ ಮನೆಗೆ ಹೋಗಿ ಗುಹೆಯೊಂದಕ್ಕೆ ಟಿಕೆಟ್ ತೆಗೆದವರು ಅಕ್ಟೋಬರಿನಲ್ಲಿ ಅದೇ ಬೂಟಿನಲ್ಲಿ ಹಿಮಾಲಯಕ್ಕೆ ಟ್ರೆಕ್ಕಿಂಗ್ ಹೊರಡಬಹುದು. ಅಲ್ಲಿ ತಣ್ಣನೆಯ ಗುಹೆಗಳಿವೆ, ಚಳಿಗಾಲ ಕಳೆಯುವ ಬಾವಲಿಗಳಿವೆ. ಶಿಲೀಂಧ್ರದ ಬೀಜಕಣ ವರ್ಷಗಟ್ಟಲೆ ಬದುಕಿರಬಲ್ಲದು, ಬಟ್ಟೆಯ ಹೊಲಿಗೆಯ ಸಂದಿಯಲ್ಲಿ ಕೂರುವಷ್ಟು ಸಣ್ಣದು. ಅಮೆರಿಕದ ಗುಹೆಗಳಲ್ಲಿ ಈಗ ಜಾರಿಯಲ್ಲಿರುವ ನಿಯಮ ಹೀಗಿದೆ: ಮೊದಲು ಕೆಸರನ್ನು ಪೂರ್ತಿ ತಿಕ್ಕಿ ತೆಗೆಯಬೇಕು. ಆಮೇಲೆ ಬೂಟು, ಹಗ್ಗ, ಬಟ್ಟೆಗಳನ್ನು ಕನಿಷ್ಠ 55 ಡಿಗ್ರಿ ಬಿಸಿಯ ನೀರಿನಲ್ಲಿ 20 ನಿಮಿಷ ಪೂರ್ತಿ ಮುಳುಗಿಸಿಡಬೇಕು. ಮನೆಯ ಗೀಸರ್‌ನಲ್ಲಿ ಅಷ್ಟು ಬಿಸಿ ಬರುತ್ತದೆ, ಬಕೆಟ್ ಸ್ವಲ್ಪ ದೊಡ್ಡದಿರಬೇಕು.